ಸಾರಿಗೆ ಹುಳಿ ಜಾಸ್ತಿ ಎಂದ ಕೈದಿ

ಈ ವಾರ್ಷಿಕೋತ್ಸವದ ಅಧ್ಯಕ್ಷತೆ ವಹಿಸಿರುವ ಗಂಗಾಶ್ರೀ ಮೇಡಂ ಅವರೇ, ನನಗೆ ಹಾರ ಹಾಕಿ, ಹಾರದ ದಾರ ನನ್ನ ಓಲೆಗೆ ಸಿಕ್ಕಿಕೊಂಡಾಗ ತಾಳ್ಮೆಯಿಂದ ಬಿಡಿಸಿಕೊಟ್ಟ ಮುಖ್ಯ ಅತಿಥಿಗಳೇ, ಶಿಕಾರಿಪುರ, ಸೊರಬ ಎರಡೂ ತಾಲೂಕುಗಳಿಂದ ಬಸ್ಸು ಹಿಡಿದು ಶಿರಾಳಕೊಪ್ಪಕ್ಕೆ ಬಂದಿರುವ ಮಹಿಳಾ ಸಂಘಗಳ ಅಕ್ಕತಂಗಿಯರೇ, ಊಟಕ್ಕೆ ಇನ್ನೆಷ್ಟು ಹೊತ್ತು ಎಂದು ಹಿಂದಿನ ಸಾಲಿನಲ್ಲಿ ಪಿಸುಗುಟ್ಟುತ್ತಿರುವ ಅವರ ಯಜಮಾನರುಗಳೇ, ಸಭಿಕರೇ,

ನನಗೆ ಐದು ನಿಮಿಷದಲ್ಲಿ ಮುಗಿಸಿ ಎಂದಿದ್ದಾರೆ. ಆದರೆ ಇವತ್ತಿನ ಅಡಿಗೆಯೂ ನನ್ನದೇ. ನಾನು ಇಲ್ಲಿಂದ ಇಳಿದು ಹೋಗಿ ಸೌಟು ಹಿಡಿಯುವ ತನಕ ಎಲೆ ಹಾಕುವವರಿಲ್ಲ. ಆದ್ದರಿಂದ ಯಾರೂ ಎದ್ದು ಹೋಗುವುದಿಲ್ಲ ಎಂಬ ಧೈರ್ಯದ ಮೇಲೆ ಮಾತಾಡುತ್ತೇನೆ.

ನಿರೂಪಣೆ ಮಾಡುತ್ತಿರುವ ವಾಣಿಶ್ರೀ ಈಗ ನನ್ನನ್ನು ಪರಿಚಯಿಸುತ್ತ ‘ಕೈದಿಗಳ ಪಾಲಿನ ಮಹಾತಾಯಿ ಶ್ರೀಮತಿ ಹಾಲಮ್ಮನವರು’ ಎಂದರು. ಕೇಳುವುದಕ್ಕೆ ಚೆನ್ನಾಗಿತ್ತು. ಆದರೆ ಸಭಿಕರೇ, ಯಾವ ತಾಯಿ ಟೆಂಡರ್ ಹಾಕಿ ಮಕ್ಕಳಿಗೆ ಅನ್ನ ಬಡಿಸುತ್ತಾಳೆ? ನಾನು ಟೆಂಡರ್ ಹಾಕಿದವಳು. ಶಿಕಾರಿಪುರದಲ್ಲಿ ನನ್ನದೊಂದು ಖಾನಾವಳಿ ಇದೆ. ಅಲ್ಲಿಂದ ಒಂದು ಸಣ್ಣ ಜೈಲಿಗೆ ದಿನಾ ಊಟ ಹೋಗುತ್ತದೆ. ಯಾವ ಊರಿನ ಜೈಲು ಎಂದು ಮಾತ್ರ ಹೇಳುವುದಿಲ್ಲ. ಹೇಳಬೇಡಿ ಎಂದು ಅಲ್ಲಿನ ಜೈಲರ್ ಯತೀಶ ಸಾಹೇಬರು ಕೈ ಮುಗಿದು ಕೇಳಿಕೊಂಡಿದ್ದಾರೆ. ಅವರು ಬಹಳ ಸಾಧು ಮನುಷ್ಯ. ಕೈದಿಗಳಿಗಿಂತ ಹೆಚ್ಚು ಹೆದರುವವರು ಆ ಜೈಲಿನಲ್ಲಿ ಅವರೊಬ್ಬರೇ.

ಅಲ್ಲಿ ಇರುವವರೆಲ್ಲ ವಿಚಾರಣಾಧೀನ ಕೈದಿಗಳು. ಎಂದರೆ, ತಪ್ಪು ಮಾಡಿದ್ದಾರೋ ಇಲ್ಲವೋ ಇನ್ನೂ ಗೊತ್ತಿಲ್ಲ, ಗೊತ್ತಾಗುವ ತನಕ ಒಳಗಿರಲಿ ಎಂದು ಇಟ್ಟವರು. ಕಳೆದ ವರ್ಷ ಅವರ ಜೊತೆಗೆ ನಮ್ಮ ಯಜಮಾನರೂ ಸೇರಿಕೊಂಡರು. ವೀರಬಸಪ್ಪ ಎಂದು ಹೆಸರು. ಅಗೋ, ಕಂಬದ ಪಕ್ಕ ಕೂತು ನೆಲ ನೋಡುತ್ತಿದ್ದಾರಲ್ಲ, ಅವರೇ. ದಯವಿಟ್ಟು ಎಲ್ಲರೂ ಒಮ್ಮೆಲೇ ತಿರುಗಬೇಡಿ.

ಅವರು ಮಾಡಿದ್ದೇನು? ಕಳವೇ? ಹೊಡೆದಾಟವೇ? ಅಲ್ಲ. ನಮ್ಮ ಎಮ್ಮೆಗೆ ಹೆರಿಗೆ ನೋವು ಬಂದಿತ್ತು. ಕರು ಒಳಗೆ ಅಡ್ಡ ಸಿಕ್ಕಿಕೊಂಡಿತ್ತು. ಸರ್ಕಾರಿ ಪಶುವೈದ್ಯರು ಮಧ್ಯಾಹ್ನ ಬಂದರು, ನೋಡಿದರು. ‘ಇನ್ನೂ ಟೈಮಿದೆ, ನನಗೊಂದು ಮೀಟಿಂಗ್ ಇದೆ, ಮುಗಿಸಿ ಬರ್ತೀನಿ’ ಎಂದು ಕೈ ತೊಳೆಯಲು ನೀರು ಕೇಳಿದರು. ನಮ್ಮ ಯಜಮಾನರು ನೀರು ತರಲು ಹೊರಗೆ ಹೋದವರು ನೀರು ತರಲಿಲ್ಲ. ಕೊಟ್ಟಿಗೆಯ ಬಾಗಿಲು ಎಳೆದು ಹೊರಗಿನಿಂದ ಚಿಲಕ ಹಾಕಿದರು.

‘ಏನ್ರೀ ಇದು?’ ಎಂದೆ.

‘ಚಿಲಕ.’

‘ಯಾಕ್ರೀ?’

‘ಹೋಗಿಬಿಡ್ತಾರ.’

ಒಳಗೆ ಡಾಕ್ಟರು ಕೂಗಿದರು, ಎಮ್ಮೆಯೂ ಕೂಗಿತು. ನಾನು ಕಿಟಕಿಯಿಂದ ರೊಟ್ಟಿ, ಪಲ್ಯ, ಮಜ್ಜಿಗೆ ಕೊಟ್ಟೆ. ಡಾಕ್ಟರು ಸಿಟ್ಟಿನಲ್ಲಿಯೇ ಉಂಡರು, ಸಿಟ್ಟಿನಲ್ಲಿಯೇ ಅಂಗಿಯ ತೋಳು ಮಡಚಿದರು. ಹೊತ್ತು ಮುಳುಗುವಷ್ಟರಲ್ಲಿ ಕರು ಭೂಮಿಗೆ ಬಂತು, ಹೆಣ್ಣುಗರು. ನಮ್ಮವರು ಚಿಲಕ ತೆಗೆದು ಅಡ್ಡ ಬಿದ್ದರು. ಡಾಕ್ಟರು ಕಾಫಿ ಕುಡಿದು, ಎಮ್ಮೆಗೆ ಕೊಡುವ ಔಷಧಿ ಬರೆದುಕೊಟ್ಟು, ನೇರವಾಗಿ ಪೊಲೀಸ್ ಠಾಣೆಗೆ ಹೋದರು. ನಾನು ಅವರನ್ನು ದೂರುವುದಿಲ್ಲ. ಎಮ್ಮೆ ಜೊತೆ ಕೂಡಿ ಹಾಕಿದರೆ ಯಾರಿಗಾದರೂ ಬೇಜಾರಾಗುತ್ತದೆ. ಸರ್ಕಾರಿ ನೌಕರರ ಕರ್ತವ್ಯಕ್ಕೆ ಅಡ್ಡಿ, ಜೊತೆಗೆ ಅಕ್ರಮ ಬಂಧನ ಎಂದು ಕೇಸಾಯಿತು. ಅಡ್ಡಿ ಹೇಗಾಯಿತು, ಅವರು ಕರ್ತವ್ಯ ಬಿಟ್ಟು ಹೋಗುವುದಕ್ಕಲ್ಲವೇ ಅಡ್ಡಿಯಾದದ್ದು ಎಂದು ನಮ್ಮ ವಕೀಲರು ವಾದಿಸಬೇಕೆಂದಿದ್ದರು. ಅಷ್ಟರಲ್ಲಿ ನ್ಯಾಯಾಧೀಶರು ಚಿಲಕ ಹಾಕಿದ್ದು ನೀವೇನಾ ಎಂದು ಕೇಳಿದರು. ನಮ್ಮವರು ‘ಹೌದ್ರೀ, ಎಮ್ಮಿಗೆ ಭಾಳ ನೋವಿತ್ತು’ ಎಂದರು. ವಕೀಲರು ಕೂತುಬಿಟ್ಟರು.

ಹೀಗೆ ಒಬ್ಬರನ್ನು ಕೂಡಿ ಹಾಕಿದ್ದಕ್ಕೆ ಅವರನ್ನು ಕೂಡಿ ಹಾಕಿದರು.

ಗಂಡ ಜೈಲಿಗೆ ಹೋದ ದಿನ ಹೆಂಡತಿಗೆ ಮೊದಲು ಏನನ್ನಿಸುತ್ತದೆ? ಅಲ್ಲಿ ಊಟ ಹೇಗೋ ಏನೋ ಅನ್ನಿಸುತ್ತದೆ. ನನಗೂ ಹಾಗೇ ಅನ್ನಿಸಿ ಕಣ್ಣಲ್ಲಿ ನೀರು ಬಂತು. ಆಮೇಲೆ ನೆನಪಾಯಿತು, ಅಲ್ಲಿನ ಊಟ ನನ್ನದೇ ಎಂದು. ಸೆರಗಿನಲ್ಲಿ ಕಣ್ಣೊರೆಸಿಕೊಂಡು ಸಾರಿಗೆ ಒಗ್ಗರಣೆ ಹಾಕಿದೆ.

ಇಲ್ಲಿ ಒಂದು ಮಾತು ಹೇಳಬೇಕು. ಮದುವೆಯಾದ ದಿನದಿಂದ ಇವರು ನನ್ನ ಅಡಿಗೆಯ ಬಗ್ಗೆ ಒಂದು ಮಾತು ಆಡಿದವರಲ್ಲ. ಚೆನ್ನಾಗಿದೆ ಎನ್ನಲಿಲ್ಲ, ಚೆನ್ನಾಗಿಲ್ಲ ಎನ್ನಲಿಲ್ಲ. ತಲೆ ತಗ್ಗಿಸಿ ಉಣ್ಣುವುದು, ಕೈ ತೊಳೆಯುವುದು, ಎದ್ದು ಹೋಗುವುದು. ಖಾನಾವಳಿಗೆ ಬಂದ ಲಾರಿಯವರು ಹೊಗಳಿದ್ದಾರೆ, ಮಾಸ್ತರರು ಹೊಗಳಿದ್ದಾರೆ. ಮನೆಯಲ್ಲಿ ಮಾತ್ರ ಎಮ್ಮೆ ಮುಂದೆ ಹಿಂಡಿ ಇಟ್ಟ ಹಾಗೆ. ಎಮ್ಮೆಯಾದರೂ ತಲೆ ಆಡಿಸುತ್ತದೆ.

ಅಂಥ ಮನುಷ್ಯ ಒಳಗೆ ಹೋಗಿ ಸ್ವಲ್ಪ ದಿನವಾಗಿತ್ತು. ಜೈಲಿನಲ್ಲಿ ಕಾನೂನು ಅರಿವು ಕಾರ್ಯಕ್ರಮ ಎಂದು ಮಾಡುತ್ತಾರೆ. ನ್ಯಾಯಾಧೀಶರು ಬಂದಿದ್ದರು. ‘ನೀವು ಇನ್ನೂ ಅಪರಾಧಿಗಳಲ್ಲ. ನಿಮಗೂ ಹಕ್ಕುಗಳಿವೆ. ಊಟ, ನೀರು, ಔಷಧಿ ಯಾವುದರಲ್ಲಿ ಕೊರತೆ ಇದ್ದರೂ ಧೈರ್ಯವಾಗಿ ಹೇಳಿ’ ಎಂದರಂತೆ. ಯಾರೂ ಏಳಲಿಲ್ಲವಂತೆ. ಹೇಗೆ ಏಳುತ್ತಾರೆ? ಸಾಹೇಬರು ಹೋದ ಮೇಲೆ ಅಲ್ಲೇ ಇರಬೇಕಾದವರು ಅವರು. ಆಗ ಹಿಂದಿನಿಂದ ಒಂದು ಕೈ ಮೇಲೆದ್ದಿತು.

‘ಸ್ವಾಮಿ, ಸಾರಿಗೆ ಹುಳಿ ಜಾಸ್ತಿ.’

ಯಾರ ಕೈ ಎಂದು ಬಿಡಿಸಿ ಹೇಳಬೇಕೇ?

ಅವರು ಕೂತದ್ದೇ ತಡ, ಪಕ್ಕದಲ್ಲಿದ್ದವನೂ ಎದ್ದನಂತೆ. ಸೊರಬ ಕಡೆಯ ಕುಪ್ಪಗಡ್ಡೆಯ ಜಟ್ಟಪ್ಪ. ತಾನು ಉಳುತ್ತಿದ್ದ ಜಮೀನು ಅಳೆಯಲು ಬಂದವರ ಮೇಲೆ ಅನಾನಸ್ ಹಣ್ಣು ಎಸೆದು ಒಳಗೆ ಬಂದಿದ್ದವನು. ಪೊಲೀಸರು ಆ ಹಣ್ಣನ್ನು ಆಯುಧವೆಂದು ಜಪ್ತಿ ಮಾಡಿದ್ದರು. ಸಾಕ್ಷಿ ಹೇಳುವ ಮೊದಲೇ ಅದು ಕೊಳೆತು ಹೋಯಿತು. ಆ ಜಟ್ಟಪ್ಪ ಎದ್ದು, ‘ಹುಳಿ ಒಂದೇ ಅಲ್ಲ ಸ್ವಾಮಿ, ಬೆಲ್ಲನೂ ಇಲ್ಲ, ಕಾಯಿನೂ ಇಲ್ಲ. ಇದೆಂಥ ಸಾರು ಮಾರಾಯ್ರೆ?’ ಎಂದನಂತೆ. ಅದಕ್ಕೆ ನಮ್ಮವರು, ‘ಸಾರಿಗೆ ಯಾರರ ಬೆಲ್ಲ ಹಾಕ್ತಾರೇನಲೇ? ಖಾರ ಬೇಕು’ ಎಂದರಂತೆ. ನ್ಯಾಯಾಧೀಶರ ಎದುರಿಗೇ ಜೈಲು ಎರಡು ಪಾಲಾಯಿತು. ಶಿಕಾರಿಪುರ ಪಕ್ಷ, ಸೊರಬ ಪಕ್ಷ.

ನನಗೆ ನೋಟಿಸ್ ಬಂತು. ‘ನೀವು ಸರಬರಾಜು ಮಾಡುವ ಸಾರಿನಲ್ಲಿ ಹುಳಿ ಅಧಿಕವಾಗಿರುತ್ತದೆಂಬ ದೂರಿನ ಬಗ್ಗೆ ವಿವರಣೆ ನೀಡತಕ್ಕದ್ದು.’ ದೂರುದಾರ ನನಗೆ ತಾಳಿ ಕಟ್ಟಿದ ಗಂಡ. ಟೆಂಡರ್ ಹೋದರೆ ಖಾನಾವಳಿಯ ಅರ್ಧ ಒಲೆ ಆರಿದ ಹಾಗೆ. ನೋಟಿಸ್ ಮಡಚಿ ರವಿಕೆಯೊಳಗೆ ಇಟ್ಟುಕೊಂಡು ನೇರವಾಗಿ ಜೈಲಿನ ಭೇಟಿ ಕೋಣೆಗೆ ಹೋದೆ.

ಅಲ್ಲಿ ನಡುವೆ ಒಂದು ಜಾಲರಿ ಇರುತ್ತದೆ. ಆ ಕಡೆ ಅವರು, ಈ ಕಡೆ ನಾವು, ಮಧ್ಯದಲ್ಲಿ ಸ್ಟೂಲಿನ ಮೇಲೆ ಒಬ್ಬ ವಾರ್ಡರ್. ಗಂಡ ಹೆಂಡಿರ ಮಾತು ಮೂರನೆಯವನು ಕೇಳಿಸಿಕೊಳ್ಳಬೇಕೆಂಬುದು ನಿಯಮ.

‘ಇಷ್ಟು ವರ್ಷ ಒಂದು ಮಾತಾಡ್ಲಿಲ್ಲಲ್ರೀ’ ಎಂದೆ. ‘ಇಲ್ಲಿ ಬಂದು ಜಡ್ಜ್ ಸಾಹೇಬ್ರ ಮುಂದೆ ನನ್ನ ಮಾನ ತೆಗೆದ್ರಲ್ಲ. ಮನೇಲಿ ಹೇಳಾಕ ಏನಾಗಿತ್ತು?’

‘ಮನ್ಯಾಗ ಯಾರು ಕೇಳಿದ್ರು?’ ಎಂದರು. ‘ಇಲ್ಲಿ ಸಾಹೇಬ್ರು ಕೇಳಿದ್ರು. ಹೇಳ್ದೆ.’

ಸ್ಟೂಲಿನ ಮೇಲಿದ್ದ ವಾರ್ಡರ್ ‘ಅದೂ ನಿಜಾನೇ ಅಕ್ಕಾ’ ಎಂದ.

‘ನೀ ಸುಮ್ನಿರಪ್ಪ’ ಎಂದು ಅವನನ್ನು ಗದರಿಸಿ, ‘ಹುಳಿ ನಿಮಗೇ ಇಷ್ಟ ಅಂತಲ್ವೇನ್ರೀ ನಾನು ಹಾಕ್ತಿದ್ದದ್ದು? ಮದುವೆಯಾಗಿ ಬಂದ ದಿನಾನೇ ಅತ್ತೆ ಹೇಳಿದ್ರು, ಹುಣಸೆಹಣ್ಣು ಒಂದು ಹಿಡಿ ಜಾಸ್ತಿ ಹಾಕು, ನನ್ನ ಮಗಗ ಹುಳಿ ಅಂದ್ರ ಪ್ರಾಣ ಅಂತ’ ಎಂದೆ.

ಅವರು ಜಾಲರಿಗೆ ಮುಖ ಹತ್ತಿರ ತಂದರು. ‘ಹುಳಿ ಅಂದ್ರ ಪ್ರಾಣ ಇದ್ದದ್ದು ಅವ್ವಗ’ ಎಂದರು. ‘ನಿನಗೂ ಹಂಗೇ ಇಷ್ಟ ಇರಬೇಕು ಅಂತ ನಾ ಸುಮ್ನ ಉಣ್ಣತಿದ್ದೆ.’

ಸಭಿಕರೇ, ನಮ್ಮ ಅತ್ತೆ ತೀರಿಕೊಂಡು ಎಷ್ಟೋ ವರ್ಷವಾಗಿದೆ. ಅವರು ಹೋದ ಮೇಲೂ ನಾವಿಬ್ಬರೂ, ಒಬ್ಬರಿಗಾಗಿ ಒಬ್ಬರು, ಅವರ ಸಾರು ಉಣ್ಣುತ್ತಿದ್ದೆವು. ಈ ವಿಷಯ ತಿಳಿಯಬೇಕಾದರೆ ಒಬ್ಬರು ಜೈಲಿಗೆ ಹೋಗಬೇಕಾಯಿತು. ವಾರ್ಡರ್ ಟೈಮಾಯಿತು ಎನ್ನಲಿಲ್ಲ. ಗಡಿಯಾರ ನೋಡಿ ಮುಖ ಆ ಕಡೆ ತಿರುಗಿಸಿಕೊಂಡ.

ಹಾಗೆಂದು ನಾನು ಹುಳಿ ಕಡಿಮೆ ಮಾಡಿದೆನೇ? ಇಲ್ಲ. ಕಡಿಮೆ ಮಾಡಿದರೆ ತಪ್ಪು ಒಪ್ಪಿಕೊಂಡ ಹಾಗಾಗುತ್ತದೆ ಎಂದು ನನ್ನ ತಮ್ಮ ನಾಗರಾಜ ಹೇಳಿದ್ದ. ಒಂದು ದಿನ ನ್ಯಾಯಾಧೀಶರೇ ರುಚಿ ನೋಡಲು ಬಂದರು. ಜೈಲಿನ ಅಂಗಳದಲ್ಲಿ ಮೇಜು ಹಾಕಿ, ಬಿಳಿ ಬಟ್ಟೆ ಹಾಸಿ, ನಡುವೆ ಸಾರಿನ ಪಾತ್ರೆ ಇಟ್ಟರು. ಒಂದು ಕಡೆ ಶಿಕಾರಿಪುರ ಪಕ್ಷ, ಇನ್ನೊಂದು ಕಡೆ ಸೊರಬ ಪಕ್ಷ, ನಡುವೆ ಬೆವರುತ್ತಿರುವ ಯತೀಶ ಸಾಹೇಬರು. ನ್ಯಾಯಾಧೀಶರು ಬಟ್ಟಲೆತ್ತಿ ಕುಡಿದರು. ಕಣ್ಣು ಮುಚ್ಚಿದರು. ಒಂದು ಕಣ್ಣು ತೆರೆದರು. ತೀರ್ಪು ಕಾಯ್ದಿರಿಸಿದರು.

ಮುಂದಿನ ವಾರ ತೀರ್ಪು ಬಂತು. ಹುಳಿ ಇರುವುದು ನಿಜ, ಆದರೆ ಅದು ‘ಜಾಸ್ತಿ’ ಎಂಬುದು ಸಂಶಯಾತೀತವಾಗಿ ಸಾಬೀತಾಗಿಲ್ಲ, ಸಂಶಯದ ಲಾಭ ಅಡಿಗೆಯವರಿಗೆ. ನಾನು ಖುಲಾಸೆಯಾದೆ! ಮನೆಯಲ್ಲಿ ಕೇಸು ಬಿದ್ದ ಇಬ್ಬರಲ್ಲಿ ಒಬ್ಬರಾದರೂ ಗೆದ್ದೆವು. ಜೊತೆಗೆ, ಮುಂದೆ ಜಗಳ ಬಾರದಂತೆ ಕೈದಿಗಳದೇ ಒಂದು ಆಹಾರ ಸಮಿತಿ ಮಾಡಿ ಎಂದೂ ಹೇಳಿದ್ದರು. ಕೈ ಎತ್ತಿಸಿ ಚುನಾವಣೆ ಮಾಡಿದರು. ಹಾಲಿನ ಡೇರಿಯಲ್ಲಿ ಡೈರೆಕ್ಟರಾಗಲು ಎರಡು ಸಲ ನಿಂತು ಸೋತಿದ್ದ ನಮ್ಮ ಯಜಮಾನರು ಜೈಲಿನಲ್ಲಿ ಅಧ್ಯಕ್ಷರಾದರು. ಜಟ್ಟಪ್ಪ ವಿರೋಧ ಪಕ್ಷದ ನಾಯಕ.

ದಿನಾ ಸಭೆ. ಸಾರಿಗೆ ಬೆಲ್ಲ ಬೇಕೇ ಬೇಡವೇ ಎಂಬ ಒಂದೇ ವಿಷಯ. ಬೆಳಿಗ್ಗೆ ಶುರುವಾದದ್ದು ಸಂಜೆ ಕೈದಿಗಳನ್ನು ಎಣಿಸುವ ಗಂಟೆ ಹೊಡೆಯುವ ತನಕ. ಒಂದು ದಿನವೂ ತೀರ್ಮಾನವಾಗಲಿಲ್ಲ. ನಾನು ಮಾತ್ರ ಹುಣಸೆಹಣ್ಣು ಒಂದು ಎಳೆಯಷ್ಟೂ ಕಡಿಮೆ ಮಾಡಲಿಲ್ಲ. ಖುಲಾಸೆಯಾದವಳು ನಾನು, ಯಾಕೆ ಮಾಡಲಿ?

ಅಷ್ಟರಲ್ಲಿ ನಮ್ಮವರಿಗೆ ಜಾಮೀನು ಸಿಕ್ಕಿತು. ನಾಗರಾಜ ತನ್ನ ಗದ್ದೆಯ ಪಹಣಿ ಇಟ್ಟು ಸಹಿ ಹಾಕಿದ. ನಾನು ಒಗೆದ ಅಂಗಿ, ಪಂಚೆ ಚೀಲದಲ್ಲಿಟ್ಟುಕೊಂಡು ಜೈಲಿನ ಬಾಗಿಲಿಗೆ ಹೋದೆ. ದೊಡ್ಡ ಬಾಗಿಲಿನೊಳಗಿನ ಸಣ್ಣ ಬಾಗಿಲು ತೆರೆಯಿತು. ಇವರು ಒಳಗೇ ನಿಂತಿದ್ದರು.

‘ಬರ್ರೀ’ ಎಂದೆ.

‘ನಾ ಬರಂಗಿಲ್ಲ. ಸಮಿತಿ ಸಭೆ ಐತಿ.’

ಯತೀಶ ಸಾಹೇಬರು ಹೌಹಾರಿದರು. ‘ವೀರಬಸಪ್ಪನವರೇ, ಆರ್ಡರ್ ಬಂದ ಮೇಲೆ ನಿಮ್ಮನ್ನ ಒಂದು ಕ್ಷಣ ಇಟ್ಕೊಳ್ಳೋ ಹಾಗಿಲ್ಲ. ಇಟ್ಕೊಂಡ್ರೆ ಅಕ್ರಮ ಬಂಧನ ಅಂತ ನನ್ನ ಮೇಲೆ ಕೇಸಾಗುತ್ತೆ!’

‘ಆಗ್ಲಿ ಬಿಡ್ರೀ ಸಾಹೇಬ್ರ, ಜಾಮೀನು ಸಿಗ್ತೈತಿ’ ಎಂದು ಇವರೇ ಅವರಿಗೆ ಸಮಾಧಾನ ಹೇಳಿದರು.

ಕೊನೆಗೆ ಇಬ್ಬರು ವಾರ್ಡರುಗಳು ಒಳಗಿನಿಂದ ತಳ್ಳಿ, ನಾನು ಹೊರಗಿನಿಂದ ಕೈ ಹಿಡಿದು ಎಳೆದು, ನಮ್ಮ ಯಜಮಾನರನ್ನು ಬಿಡುಗಡೆ ಮಾಡಿದೆವು. ಜೈಲಿಗೆ ಎಳೆದುಕೊಂಡು ಹೋಗುವಾಗ ಅವರು ಇಷ್ಟು ತ್ರಾಸು ಕೊಟ್ಟಿರಲಿಲ್ಲ.

ಮನೆಗೆ ಬಂದರು. ಬಂದ ಮನುಷ್ಯ ಹೋದ ಮನುಷ್ಯನಾಗಿರಲಿಲ್ಲ. ನಮ್ಮ ಮನೆಯ ಬಚ್ಚಲಿಗೆ ಹೋಗಬೇಕಾದರೂ ‘ಹೋಗ್ಲಾ?’ ಎಂದು ಕೇಳುತ್ತಿದ್ದರು. ಉಂಡ ತಟ್ಟೆ ತೊಳೆದು, ಕವುಚಿ ಹಾಕಿ, ಅದರ ಪಕ್ಕ ನಿಲ್ಲುತ್ತಿದ್ದರು, ಯಾರೋ ಬಂದು ಎಣಿಸುತ್ತಾರೆ ಎನ್ನುವ ಹಾಗೆ. ಕೊಟ್ಟಿಗೆಯ ಬಾಗಿಲಿನ ಚಿಲಕವನ್ನು ತಾವೇ ಕಿತ್ತು ಎಸೆದರು. ಎಮ್ಮೆ ಎರಡು ಸಲ ರಸ್ತೆಗೆ ಹೋಯಿತು. ಹೋಗಲಿ ಎಂದರು.

ಮಧ್ಯಾಹ್ನವಾದ ಕೂಡಲೇ ನನ್ನ ಊಟದ ಆಟೋ ಹತ್ತಿ ಜೈಲಿಗೆ ಬರುವರು. ಒಳಗೆ ಬಿಡುತ್ತಿರಲಿಲ್ಲ. ಗೋಡೆಯ ಹೊರಗೆ ಹೊಂಗೆ ಮರದ ಕೆಳಗೆ ನಿಂತು ಕೂಗುತ್ತಿದ್ದರು: ‘ಲೇ ಜಟ್ಟಪ್ಪಾ! ಸಾರಿಗೆ ಬೆಲ್ಲ ಹಾಕೋದು ಮನುಷ್ಯರು ಮಾಡೋ ಕೆಲಸ ಏನಲೇ?’ ಒಳಗಿನಿಂದ ಉತ್ತರ ಬರುತ್ತಿತ್ತು: ‘ಖಾರ ತಿಂದು ತಿಂದು ನಿನ್ನ ನಾಲಿಗೆ ಸತ್ತೋಗಿದೆ ಮಾರಾಯಾ!’ ದಾರಿಯಲ್ಲಿ ಹೋಗುವವರು ನಿಂತು ನೋಡುವರು. ಸರ್ಕಾರದ ಗೋಡೆಗೆ ಹೀಗೆ ಬೈಗುಳ ಹಾಕಬಹುದೇ ಎಂದು ಯತೀಶ ಸಾಹೇಬರು ಮೇಲಧಿಕಾರಿಗಳಿಗೆ ಬರೆದು ಕೇಳಿದರು. ಇನ್ನೂ ಉತ್ತರ ಬಂದಿಲ್ಲ.

ನನಗೆ ತಡೆಯಲಾಗಲಿಲ್ಲ. ಒಂದು ಮಧ್ಯಾಹ್ನ ಆಟೋದಲ್ಲಿ ಕೇಳಿದೆ. ‘ಏನ್ರೀ ನಿಮ್ಮ ಹಟ? ಬಿಟ್ಟು ಬಂದಾಯ್ತಲ್ಲ ಆ ಜಾಗಾನ.’

ಜಾರುತ್ತಿದ್ದ ಸಾರಿನ ಪಾತ್ರೆಯನ್ನು ಕೈಯಿಂದ ಒತ್ತಿ ಹಿಡಿದರು. ‘ನನಗ ನಾಗರಾಜ ಇದ್ದ, ಪಹಣಿ ಇಟ್ಟ, ಬಂದೆ’ ಎಂದರು. ‘ಜಟ್ಟಪ್ಪಗ ನನಗಿಂತ ಮೊದ್ಲೇ ಜಾಮೀನು ಆಗೈತಿ. ಸಹಿ ಹಾಕಾಕ ಯಾರೂ ಇಲ್ಲ. ಅವನ ಜಮೀನು ಅವನ ಹೆಸರಿಗಿಲ್ಲ. ಅದಕ್ಕ ಒಳಗ ಅದಾನ.’

ಜಮೀನು ತನ್ನದೆಂದು ಅನಾನಸ್ ಎಸೆದವನು, ಜಮೀನು ತನ್ನ ಹೆಸರಿಗಿಲ್ಲದ್ದಕ್ಕೆ ಒಳಗೆ ಉಳಿದಿದ್ದ. ನ್ಯಾಯಾಧೀಶರು ಬಿಡಿ ಎಂದಿದ್ದಾರೆ, ಜೈಲರ್ ಬಿಡಲು ಸಿದ್ಧ, ಅವನು ಬರಲು ಸಿದ್ಧ. ಒಂದು ಪಹಣಿ ಇಲ್ಲ. ಇದಕ್ಕೆ ಏನು ಹೇಳುತ್ತೀರಿ? ವೇದಿಕೆಯ ಮೇಲೆ ವಕೀಲರಿದ್ದಾರೆ, ಅವರೂ ತಲೆ ತಗ್ಗಿಸಿದ್ದಾರೆ.

ನನ್ನ ಹೆಸರಿಗೆ ತವರಿನವರು ಅರಿಶಿನ ಕುಂಕುಮಕ್ಕೆಂದು ಬರೆದುಕೊಟ್ಟ ಒಂದು ತುಂಡು ಗದ್ದೆ ಇದೆ. ನಾಗರಾಜ ಕುಣಿದಾಡಿದ. ‘ಅಕ್ಕಾ, ಅವನು ಓಡಿ ಹೋದ್ರೆ ಗದ್ದೆ ಹೋಗುತ್ತೆ. ಹಣ್ಣು ಎಸೆದವನಿಗೆ ಗದ್ದೆ ಇಡ್ತೀಯಾ?’ ನನಗೂ ಹೆದರಿಕೆ ಇತ್ತು. ಇಲ್ಲವೆಂದರೆ ಸುಳ್ಳಾಗುತ್ತದೆ. ಆ ಗದ್ದೆ ಬಿಟ್ಟರೆ ನನ್ನದು ಎನ್ನಲು ನನಗೆ ಬೇರೇನಿದೆ? ಸಹಿ ಹಾಕುವ ಹಿಂದಿನ ದಿನವೆಲ್ಲ ಉಪ್ಪು ಹಾಕಿದ ಪಾತ್ರೆಗೇ ಮತ್ತೆ ಉಪ್ಪು ಹಾಕಿದೆ. ಆದರೂ ಕೋರ್ಟಿಗೆ ಹೋದೆ. ಅದೇ ನ್ಯಾಯಾಧೀಶರು ಕನ್ನಡಕ ಸರಿಸಿ ನೋಡಿದರು.

‘ನೀವು ಸಾರಿನವರಲ್ಲವೇ?’

‘ಹೌದು ಸ್ವಾಮಿ.’

‘ಈ ಆರೋಪಿ ನಿಮಗೆ ಏನಾಗಬೇಕು?’

‘ನನ್ನ ಮೇಲೆ ದೂರು ಕೊಟ್ಟವನು ಸ್ವಾಮಿ.’

ನ್ಯಾಯಾಲಯದಲ್ಲಿ ನಗಬಾರದಂತೆ. ನ್ಯಾಯಾಧೀಶರು ಕರವಸ್ತ್ರ ತೆಗೆದು ಬಾಯಿ ಮುಚ್ಚಿಕೊಂಡರು. ನಾನು ಸಹಿ ಹಾಕಿದೆ.

ಜಟ್ಟಪ್ಪನನ್ನು ನಾವೇ ಊಟದ ಆಟೋದಲ್ಲಿ ಊರಿಗೆ ಬಿಡಲು ಹೋದೆವು. ಸೊರಬದ ತನಕ ಇಬ್ಬರೂ ಬಾಯಿ ಬಿಡಲಿಲ್ಲ. ಗೋಡೆ ಇಲ್ಲದೆ ಜಗಳ ಆಡುವುದು ಹೇಗೆಂದು ಇಬ್ಬರಿಗೂ ತಿಳಿಯಲಿಲ್ಲವೋ ಏನೋ. ನಾನೇ ಕೇಳಿದೆ, ‘ಅಲ್ಲಪ್ಪಾ ಜಟ್ಟಪ್ಪ, ಒಂದು ಚೂರು ಬೆಲ್ಲಕ್ಕೆ ಅಷ್ಟು ದಿನ ಜಗಳ ಆಡಿದ್ರಲ್ಲ, ಬೇರೆ ಮಾತೇ ಇರ್ಲಿಲ್ವಾ?’

‘ಬೇರೆ ಎಂತ ಮಾತಾಡದು ಅಮ್ಮಾ?’ ಎಂದ. ‘ಬೆಳಗಿಂದ ಸಂಜೆ ತನಕ ಅದೇ ಗೋಡೆ. ಕೇಸಿನ ಮಾತು ತೆಗೆದ್ರೆ ಅಳು ಬತ್ತದೆ. ಮನೆ ಮಾತು ತೆಗೆದ್ರೂ ಅಳು ಬತ್ತದೆ. ಸಾರಿನ ಮಾತು ತೆಗೆದ್ರೆ ಸಿಟ್ಟು ಬತ್ತದೆ. ಅಳದಕ್ಕಿಂತ ಸಿಟ್ಟೇ ವಾಸಿ ಅಲ್ದಾ?’

ನಮ್ಮ ಯಜಮಾನರು ಮುಂದಿನ ಸೀಟಿನಲ್ಲಿದ್ದರು. ತಿರುಗಲಿಲ್ಲ. ಕಿವಿಯ ಹಿಂದೆ ಕೆರೆದುಕೊಂಡರು.

ಕುಪ್ಪಗಡ್ಡೆಯಲ್ಲಿ ಅವನ ಹೆಂಡತಿ ಬಂಗಾರಮ್ಮ ಬಾಗಿಲಲ್ಲಿ ನಿಂತಿದ್ದಳು. ಅವನು ಒಳಗಿದ್ದಷ್ಟು ದಿನ ಒಬ್ಬಳೇ ಅನಾನಸ್ ಗಿಡದ ಕಳೆ ತೆಗೆದ ಕೈ, ಮೊಣಕೈ ತನಕ ಗೀರು. ಗಂಡನನ್ನು ನೋಡಿ ಅಳಲಿಲ್ಲ, ನಗಲಿಲ್ಲ. ‘ಕೈಕಾಲು ತೊಳ್ಕಳಿ, ಊಟ ಆಗಿದೆ’ ಎಂದಳು. ನಮಗೂ ಎಲೆ ಹಾಕಿದಳು. ಬಿಸಿ ಅನ್ನ, ಕಾಯಿ ಅರೆದು ಬೆಲ್ಲ ಹಾಕಿದ ಸಾರು. ಬೆಳಿಗ್ಗೆಯೇ ಅವನಿಗಾಗಿ ಮಾಡಿಟ್ಟಿದ್ದಳು. ಅಷ್ಟು ತಿಂಗಳು ಯಾವ ಸಾರಿಗಾಗಿ ಆ ಮನುಷ್ಯ ಸರ್ಕಾರದ ಎದುರು ಹೋರಾಡಿದ್ದನೋ ಅದೇ ಸಾರು.

ಜಟ್ಟಪ್ಪ ಕಲಸಿದ. ಒಂದು ತುತ್ತು ಬಾಯಿಗಿಟ್ಟ. ಅಗಿದ. ನಿಲ್ಲಿಸಿದ. ನಾವೆಲ್ಲ ಅವನ ಬಾಯಿಯನ್ನೇ ನೋಡುತ್ತಿದ್ದೆವು.

‘ಹುಳಿ ಸಾಲ್ದು’ ಎಂದ.

ಬಂಗಾರಮ್ಮನ ಕೈಯಲ್ಲಿದ್ದ ಸೌಟು ಅಲ್ಲೇ ನಿಂತಿತು. ‘ಹಂಗಾರೆ ಜೈಲಿಗೇ ಹೋಗಿ ಉಣ್ಣು!’ ಎಂದು ಒಳಗೆ ಹೋದಳು. ಒಳಗೆ ಪಾತ್ರೆಗಳ ಸದ್ದು. ಆಮೇಲೆ ಸದ್ದಿಲ್ಲ. ಜಟ್ಟಪ್ಪ ತುತ್ತು ಹಿಡಿದುಕೊಂಡು ಹಾಗೇ ಕೂತಿದ್ದ, ಅವನ ಕಣ್ಣು ತುಂಬಿತ್ತು. ಅಷ್ಟು ದಿನ ಸಿಟ್ಟು ತಡೆದಿಟ್ಟಿದ್ದ ಅಳುವೆಲ್ಲ ಅಲ್ಲಿ ಬಂತು. ಸ್ವಲ್ಪ ಹೊತ್ತಿಗೆ ಬಂಗಾರಮ್ಮ ಮುಖ ತೊಳೆದುಕೊಂಡು ಹೊರಗೆ ಬಂದಳು. ನೆನೆಸಿದ ಹುಣಸೆಹಣ್ಣಿನ ಉಂಡೆಯೊಂದನ್ನು ಅವನ ಎಲೆಯ ತುದಿಗೆ ಇಟ್ಟು, ‘ಹಿಂಡ್ಕಾ’ ಎಂದಳು.

ಅವನು ಹಿಂಡಿಕೊಂಡ.

ಆಗ ನನ್ನ ಪಕ್ಕದಿಂದ ಒಂದು ಕೈ ಮುಂದೆ ಬಂತು. ನಮ್ಮ ಯಜಮಾನರದು. ‘ನನಗೂ ಒಂಚೂರು ಕೊಡವ್ವಾ’ ಎಂದರು.

ನಾನು ತಲೆ ತಗ್ಗಿಸಿ ಉಣ್ಣುತ್ತಿದ್ದೆ, ಸಭಿಕರೇ. ಚೆನ್ನಾಗಿದೆ ಎನ್ನಲಿಲ್ಲ, ಚೆನ್ನಾಗಿಲ್ಲ ಎನ್ನಲಿಲ್ಲ. ಊಟ ಮುಗಿಯುವ ತನಕ ತಲೆ ಎತ್ತಲಾಗಲಿಲ್ಲ.

ಐದು ನಿಮಿಷ ಎಂದೋ ಮುಗಿದಿದೆ, ಅಧ್ಯಕ್ಷರು ಗಂಟೆ ಒತ್ತಲು ಸಂಕೋಚಪಡುತ್ತಿದ್ದಾರೆ. ನನ್ನಂಥವಳಿಗೆ ಶಾಲು ಹೊದಿಸಿದ ಸಂಘದ ಎಲ್ಲರಿಗೂ, ಕೂತು ಕೇಳಿದ ನಿಮಗೂ, ಕರೆದಾಗಲೆಲ್ಲ ಈಗಲೂ ನಮ್ಮ ಎಮ್ಮೆ ನೋಡಲು ಬರುವ, ಆದರೆ ಬಾಗಿಲಲ್ಲಿ ಒಬ್ಬ ಆಳನ್ನು ನಿಲ್ಲಿಸಿಯೇ ಒಳಗೆ ಹೋಗುವ ಆ ಡಾಕ್ಟರಿಗೂ ನಾನು ಋಣಿ. ಎಲೆ ಹಾಕಿಸುತ್ತೇನೆ, ಎಲ್ಲರೂ ಉಂಡೇ ಹೋಗಬೇಕು. ನಮಸ್ಕಾರ.